ಆರೆ ಕಾಲನಿಯ ಗೋದಲಿ

ಕ್ರಿಸ್ಮಸ್ ದಿನ ಬೆಳಗಿನ ಜಾವ ಐದು ಗಂಟೆಗೆ ನಮ್ಮ ಮನೆಯಲ್ಲಿ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ, ಯೇಸು ಹುಟ್ಟಿದ ಕಥೆ, ಓದಬೇಕು. ಚಹಾ, ಹೊಸ ಬಟ್ಟೆ, ತಿಂಡಿ, ಎಲ್ಲ ಅದಾದ ಮೇಲೆ. ಓದುವುದು ಮನೆಯಲ್ಲಿ ಅಕ್ಷರ ಬಲ್ಲ ಎಲ್ಲರಿಗಿಂತ ಚಿಕ್ಕವರು. ಪ್ರಾರ್ಥನೆ ಮಾಡುವುದು ಎಲ್ಲರಿಗಿಂತ ಹಿರಿಯರು. ಗದಗ-ಬೆಟಗೇರಿಯಲ್ಲಿ ಅಪ್ಪನ ಮನೆಯ ರೂಢಿ ಇದು. ಅಪ್ಪ 1968ರಲ್ಲಿ ಮುಂಬೈಯ ಬಟ್ಟೆ ಗಿರಣಿಗೆ ಕೆಲಸಕ್ಕೆ ಬಂದಾಗ ಬೈಬಲ್ಲಿನ ಜೊತೆ ಈ ರೂಢಿಯನ್ನೂ ತಂದರು. ಚಾಳಿನ ಒಂದೇ ಕೋಣೆಯಲ್ಲಿ ಇದ್ದಾಗಲೂ ಅದು ತಪ್ಪಲಿಲ್ಲ. ಅಪ್ಪ ಹೋಗಿ ಆರು ವರ್ಷವಾದರೂ ತಪ್ಪಿಲ್ಲ.

ಆದರೆ ಬಹಳ ವರ್ಷ ಓದುವವಳು ನಾನೇ ಆಗಿದ್ದೆ. ನಾನು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿತವಳು. ನನ್ನ ಮಗಳ ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಇವೆ. ಕನ್ನಡ ಮಾತಾಡುತ್ತಾಳೆ, ಓದಲು ಬರುತ್ತಿರಲಿಲ್ಲ. ಅವ್ವ ಎರಡು ವರ್ಷ ದಿನಾ ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದಳು. ಒತ್ತಕ್ಷರಕ್ಕೇ ನಾಲ್ಕು ತಿಂಗಳು ಹೋಯಿತು. 2023ರ ಡಿಸೆಂಬರ್ ಹೊತ್ತಿಗೆ, ಹತ್ತು ವರ್ಷದ ಹುಡುಗಿ, ನಿಧಾನವಾಗಿ ಬೆರಳಿಟ್ಟು ಓದುವ ಹಾಗಾಯಿತು. "ಈ ವರ್ಷ ಕೂಸs ಓದ್ತದ" ಅಂತ ಅವ್ವ ಮೊದಲೇ ಹೇಳಿಬಿಟ್ಟಿದ್ದಳು.

ಡಿಸೆಂಬರ್ 22, ಶುಕ್ರವಾರ ರಾತ್ರಿ. ಅವಳು ಓದಿ ಅಭ್ಯಾಸ ಮಾಡುತ್ತಿದ್ದಳು. ಖಾನೇಷುಮಾರಿ ಅನ್ನುವಲ್ಲಿ ಮೊದಲು ನಿಂತಳು. ಜನಗಣತಿ ಅಂದೆ, ಮುಂದೆ ಹೋದಳು. ಛತ್ರ ಅನ್ನುವಲ್ಲಿ ಮತ್ತೆ ನಿಂತಳು. "ಉತಾರಶಾಳಾನಾ?" ಅಂತ ಕೇಳಿದಳು. ಮರಾಠಿ ಬೈಬಲ್ಲಿನಲ್ಲಿ ಆ ಜಾಗದಲ್ಲಿ ಇರುವ ಪದ ಅದೇ. ಶಾಲೆಯ ಗೆಳತಿಯ ಹತ್ತಿರ ಕೇಳಿದ್ದಳಂತೆ. ಹೌದು ಅಂದೆ. ಆಮೇಲೆ ಗೋದಲಿ ಬಂತು, ದನಕ್ಕೆ ಮೇವು ಹಾಕುವ ತೊಟ್ಟಿ. ಅಲ್ಲಿ ಅವಳು ನಿಲ್ಲಲೇ ಇಲ್ಲ. ಅದು ಅವಳಿಗೆ ಗೊತ್ತಿದ್ದ ಪದ. ಟಿವಿ ಪಕ್ಕದ ಮೇಜಿನ ಮೇಲೆ ಕ್ರಿಬ್ ಇತ್ತು, ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಮಾದರಿ. ಅದರ ಕಡೆ ಬೆರಳು ತೋರಿಸಿ, "ಅದೇ ಅಲ್ವಾ ಅಜ್ಜಿ?" ಅಂದಳು.

ನಮ್ಮ ಊರಿನ ಮನೆಯಲ್ಲಿ ಕ್ರಿಬ್ ಇಡುವ ಪದ್ಧತಿ ಇರಲಿಲ್ಲ. ನಾವು ಬಾಸೆಲ್ ಮಿಶನ್ ಸಭೆಯವರು. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ನಿನವರು ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯವರೆಗೆ ಬಂದರು. ಅವರಿಂದ ನಮ್ಮ ಹಿರಿಯರಿಗೆ ಬಂದದ್ದು ಬೈಬಲ್ಲು, ಶಾಲೆ, ಜರ್ಮನಿಯ ರಾಗದ ಹಾಡುಗಳು. ಹಬ್ಬಕ್ಕೆ ಬಾಗಿಲಿಗೊಂದು ಕಾಗದದ ನಕ್ಷತ್ರ, ಮೂಲೆಯಲ್ಲಿ ಸರುವೆ ಮರದ ಟೊಂಗೆ, ಅಷ್ಟೇ. ಕ್ರಿಬ್ ಬಂದದ್ದು ಮುಂಬೈಯಿಂದ. ನಮ್ಮ ಮೇಲಿನ ಮಹಡಿಯ ಆಂಟಿ ಕ್ಯಾಥೊಲಿಕರು. ಅವರೇ ಮಗಳ ಮೊದಲ ಕ್ರಿಸ್ಮಸ್ಸಿಗೆ ಇದನ್ನು ತಂದುಕೊಟ್ಟಿದ್ದರು. ಥರ್ಮೊಕೋಲಿನ ಕೊಟ್ಟಿಗೆ, ಪ್ಲಾಸ್ಟರಿನ ಗೊಂಬೆಗಳು, ಬಂಗಾರದ ಬಣ್ಣದ ಪ್ಲಾಸ್ಟಿಕ್ ಹುಲ್ಲು. ಬೆರಳುದ್ದದ ಗೋದಲಿ. ಅದರ ಮೇಲೆ ಮಿನುಗುವ ಪುಡಿ.

ಅವ್ವ ಅದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಮೊಮ್ಮಗಳನ್ನೂ ನೋಡಿದಳು.

"ಇದು ಗ್ವಾದ್ಲಿ ಅಲ್ಲವ್ವ. ಇದು ಆಟದ ಸಾಮಾನು. ನೀ ಖರೇ ಗ್ವಾದ್ಲಿ ನೋಡೇ ಇಲ್ಲೇನ?"

ಇಲ್ಲ, ಎಲ್ಲಿ ನೋಡಬೇಕು ಅವಳು? ಹುಟ್ಟಿದ್ದು, ಬೆಳೆದದ್ದು ಗೋರೆಗಾಂವಿನ ಮೂರನೇ ಮಹಡಿಯಲ್ಲಿ. ಬೆಟಗೇರಿಗೆ ಎರಡು ಸಲ ಹೋಗಿದ್ದಾಳೆ, ಎರಡೂ ಸಲ ಮದುವೆಗೆ. ನಾನು ಮಾತು ಅಲ್ಲಿಗೇ ಮುಗಿಯಿತು ಅಂದುಕೊಂಡೆ. ಅವ್ವನಿಗೆ ಮುಗಿದಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ನಾನು ಕರ್ಚಿಕಾಯಿಗೆ ಮೈದಾ, ಚಿರೋಟಿ ರವೆ ಕಲಸಿ ಒದ್ದೆ ಬಟ್ಟೆ ಮುಚ್ಚುವಷ್ಟರಲ್ಲಿ ಅವಳು ಸೀರೆ ಉಟ್ಟು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. "ಆರೆ ಕಾಲನಿಯೊಳಗ ಎಮ್ಮಿ ಅದಾವಲ್ಲ? ರಿಕ್ಷಾ ಕರಿ."

"ಅವ್ವಾ, ಇವತ್ತ ಬ್ಯಾಡ. ಕೆಲಸ ರಾಶಿ ಬಿದ್ದದ."

"ಹಿಟ್ಟು ನೆನೀಲಿ. ನಾವು ಬರೂದರಾಗ ಹದಕ್ಕ ಬರ್ತದ."

ಮುಂಬೈಯ ಒಳಗಿದ್ದ ಎಮ್ಮೆ ಕೊಟ್ಟಿಗೆಗಳನ್ನು ಊರ ಹೊರಗೆ ಸಾಗಿಸಬೇಕು ಅಂತ 1949ರಲ್ಲಿ ಶುರುವಾದದ್ದು ಆರೆ ಹಾಲಿನ ಕಾಲನಿ. ಈಗ ಆ ಹೊರಗೂ ಊರೇ ಆಗಿದೆ. ಆದರೂ ಗೋರೆಗಾಂವ್ ಸ್ಟೇಷನ್ನಿನಿಂದ ಪೂರ್ವಕ್ಕೆ ಹೊರಟು ಹೆದ್ದಾರಿ ದಾಟಿ ಆರೆ ರಸ್ತೆಗೆ ತಿರುಗಿದರೆ ಗಾಳಿಯೇ ಬೇರೆ. ಎರಡೂ ಕಡೆ ಮರ. ರಿಕ್ಷಾದಲ್ಲಿ ಕೂತ ಅವ್ವ ಸೆರಗು ಹೊದ್ದುಕೊಂಡಳು. ಸ್ವಲ್ಪ ಹೊತ್ತಿಗೆ ಸೆಗಣಿಯ ವಾಸನೆ ಬಂತು. ಮಗಳು ಮೂಗು ಮುಚ್ಚಿಕೊಂಡಳು. ಅವ್ವ ಉಸಿರು ಎಳೆದುಕೊಂಡಳು.

ತಬೇಲಾದಲ್ಲಿ ಒಬ್ಬ ಭೈಯಾ ಹಾಲಿನ ಕ್ಯಾನು ತೊಳೆಯುತ್ತಿದ್ದ. ಅರವತ್ತರ ಆಸುಪಾಸು, ಹೆಗಲ ಮೇಲೆ ಗಮ್ಚಾ. ಒಳಗೆ ಬಿಡಲು ಮೊದಲು ಒಪ್ಪಲಿಲ್ಲ. ಹೊಸಬರನ್ನು ಕಂಡರೆ ಎಮ್ಮೆಗಳು ಬೆದರುತ್ತವೆ ಅಂದ. ನಾನು ಹಿಂದಿಯಲ್ಲಿ ವಿಷಯ ಹೇಳಿದೆ. ನಾಳಿದ್ದು ನಮ್ಮ ಹಬ್ಬ, ಮಗುವಿಗೆ ಎಮ್ಮೆ ಮೇವು ತಿನ್ನುವ ಜಾಗ ತೋರಿಸಬೇಕು, ಯೇಸು ಹುಟ್ಟಿದಾಗ ಮಲಗಿಸಿದ್ದು ಅಂಥ ಜಾಗದಲ್ಲೇ ಅಂತ. ಅವನು ಕೈ ಒರೆಸಿಕೊಂಡ. "ಅಚ್ಛಾ, ನಾಂದ್ ದೇಖ್‌ನಾ ಹೈ?" ಅಂದು ಮುಂದೆ ನಡೆದ.

ಉದ್ದಕ್ಕೆ ಸಿಮೆಂಟಿನ ಗೋದಲಿ. ಅದರ ಆಚೆ ಸಾಲಾಗಿ ಕಟ್ಟಿದ ಎಮ್ಮೆಗಳು. ಅವ್ವ ಮಗಳ ಕೈ ಹಿಡಿದು ಖಾಲಿ ಇದ್ದ ಒಂದು ಮೂಲೆಗೆ ಕರೆದುಕೊಂಡು ಹೋದಳು. "ಕೈ ಇಡು" ಅಂದಳು. ಮಗಳು ಅಂಚಿನ ಮೇಲೆ ಇಟ್ಟಳು. ಅಲ್ಲಿ ಸಿಮೆಂಟು ಒರಟಾಗಿತ್ತು. "ಅಲ್ಲಲ್ಲ, ಬುಡದಾಗ ಇಡು." ಮಗಳು ಬಗ್ಗಿ ಒಳಗೆ ಕೈ ಇಳಿಸಿದಳು. ಅವಳ ಮುಖ ಬದಲಾಯಿತು. ತಳ ನುಣ್ಣಗಿತ್ತು, ನದಿಯ ಕಲ್ಲಿನ ಹಾಗೆ. ನಾನೂ ಮುಟ್ಟಿ ನೋಡಿದೆ. ಸ್ವಲ್ಪ ತೇವ, ಒಂದೆರಡು ಹುಲ್ಲಿನ ಎಸಳು, ಹಿಂಡಿಯ ಹಿಟ್ಟು ಬೆರಳಿಗೆ ಅಂಟಿತು.

"ಯಾಕ ನುಣ್ಣಗ ಅದ ಗೊತ್ತೇನ? ನೆಕ್ಕಿ ನೆಕ್ಕಿ. ವರ್ಷಾನುಗಟ್ಟಲೆ ನಾಲಿಗಿ ಆಡಿಸಿ ಆಡಿಸಿ ಹಂಗ ಆಗ್ತದ. ನಮ್ಮ ಮನ್ಯಾಗಿಂದು ಕಲ್ಲಿಂದು, ಅದೂ ಹಿಂಗs ಆಗಿತ್ತು."

ಅವ್ವನ ತವರು ಗದಗಿನ ಹತ್ತಿರದ ಹಳ್ಳಿ. ಆ ಕಡೆಯ ಹಳೆಯ ಮನೆಗಳಲ್ಲಿ ದನ ಕಟ್ಟುವುದು ಬೇರೆ ಕೊಟ್ಟಿಗೆಯಲ್ಲಿ ಅಲ್ಲ. ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳು, ಅಲ್ಲಿಂದ ಒಂದು ಕಟ್ಟೆ ಎತ್ತರಕ್ಕೆ ಜನ. ಚಳಿಗಾಲದಲ್ಲಿ ಕಟ್ಟೆಯ ಅಂಚಿಗೆ ಮಲಗಿದರೆ ಎತ್ತಿನ ಉಸಿರು ಮುಖಕ್ಕೆ ಬೆಚ್ಚಗೆ ತಾಗುತ್ತಿತ್ತಂತೆ. ಇದನ್ನೆಲ್ಲ ನಾನು ಮೊದಲು ಕೇಳಿದ್ದೆ. ಕೇಳದೆ ಇದ್ದದ್ದು ಆಮೇಲೆ ಹೇಳಿದ ಮಾತು.

"ನಮ್ಮ ತಮ್ಮ, ನಿಮ್ಮಮ್ಮನ ಸ್ವಾದರಮಾವ, ಕೂಸಿದ್ದಾಗ ನಮ್ಮವ್ವ ಅವನ್ನ ಗ್ವಾದ್ಲ್ಯಾಗs ಮಲಗಿಸಿ ಕೆಲಸ ಮಾಡ್ತಿದ್ಲು. ಎತ್ತು ಹೊಲಕ್ಕ ಹೋಗಿರ್ತಿದ್ವು. ಕಣಿಕಿ ಹಾಸಿ, ಮ್ಯಾಲೆ ಕೌದಿ ಹಾಸಿ. ಉಳ್ಳಿ ಬೀಳಂಗಿಲ್ಲ, ಯಾರೂ ತುಳ್ಯಾಂಗಿಲ್ಲ. ಗಾಳಿ ಬಡ್ಯಾಂಗಿಲ್ಲ. ಮರಿಯಮ್ಮಗೂ ಅಷ್ಟs ಬೇಕಾಗಿತ್ತು."

ನಾನು ಈ ಕಥೆಯನ್ನು ನಲವತ್ತು ವರ್ಷದಿಂದ ಓದುತ್ತಾ ಬಂದವಳು. ಗೋದಲಿ ಅಂದರೆ ಬಡತನ, ದೀನತೆ ಅಂತ ಚರ್ಚಿನ ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇನೆ. ಅದು ನಿಜವೇ. ಆದರೆ ಹೆತ್ತ ತಾಯಿ ಸುತ್ತ ನೋಡಿ, ಮಗುವಿಗೆ ಎಲ್ಲಕ್ಕಿಂತ ಭದ್ರವಾದ ಜಾಗ ಯಾವುದು ಅಂತ ಆರಿಸಿ ಮಲಗಿಸಿದಳು ಅನ್ನುವುದು ನನಗೆ ಹೊಳೆದಿರಲಿಲ್ಲ. ಅವ್ವನ ಮಟ್ಟಿಗೆ ಅದು ಮನೆಯಲ್ಲೇ ಕಂಡ ಸಂಗತಿ.

ಎರಡು ನೂರು ವರ್ಷದ ಹಿಂದೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅನ್ನುವ ಮಿಶನರಿ ಬೈಬಲ್ಲನ್ನು ಕನ್ನಡಕ್ಕೆ ತರುತ್ತಿದ್ದರು. ಆಮೇಲೆ ಬಾಸೆಲ್ ಮಿಶನ್ನಿನ ವೈಗಲ್ ಅದನ್ನು ತಿದ್ದಿ ಬರೆದರು. ಈ ಪದವನ್ನು ನಮಗಾಗಿ ಆರಿಸಿದವರು ಯಾರೋ, ಅವರು ಯಾವುದೋ ರೈತನ ಮನೆ ಬಾಗಿಲಲ್ಲಿ ನಿಂತು ಕೇಳಿಕೊಂಡಿರಬೇಕು ಅಂತ ನನಗೆ ಅನ್ನಿಸುತ್ತದೆ. ಅವ್ವ ಆ ಅಧ್ಯಾಯ ಓದಿದಾಗೆಲ್ಲ ತನ್ನ ತವರಿನ ಕಟ್ಟೆ ಇಳಿದು ಹೋಗಿ ಬಂದ ಹಾಗೆ ಓದುತ್ತಾಳೆ.

ಹೊರಡುವಾಗ ಮಗಳು ಭೈಯಾನನ್ನು ಕೇಳಿ ಒಂದು ಹಿಡಿ ಹಸಿರು ಹುಲ್ಲು ತೆಗೆದುಕೊಂಡಳು. ಕರ್ಚೀಫಿನಲ್ಲಿ ಗಂಟು ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಕ್ರಿಬ್ಬಿನ ಬಂಗಾರದ ಹುಲ್ಲು ತೆಗೆದು ಇದನ್ನು ಹಾಸಿದಳು. ಸಂಜೆ ಮೇಲಿನ ಆಂಟಿ ಕುಲ್‌ಕುಲ್ ತಟ್ಟೆ ಹಿಡಿದು ಬಂದವರು ಅದನ್ನು ನೋಡಿ ಅಲ್ಲೇ ಕೂತುಬಿಟ್ಟರು. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಊರಲ್ಲಿ ಮೊದಲ ಕ್ರಿಬ್ ಮಾಡಿದಾಗ ನಿಜವಾದ ಹುಲ್ಲು, ನಿಜವಾದ ಎತ್ತು, ಕತ್ತೆ ಇಟ್ಟಿದ್ದರಂತೆ. ಸರಿಯಾಗಿ 800 ವರ್ಷ ಆಯಿತು ನೋಡು ಅಂದರು.

ಕರ್ಚಿಕಾಯಿ ಶುರುವಾಗುವಾಗ ಸಂಜೆ ಏಳು. ಹಿಟ್ಟು ನಿಜವಾಗಿ ಹದಕ್ಕೆ ಬಂದಿತ್ತು. ಪುಟಾಣಿ ಹಿಟ್ಟು, ಬೆಲ್ಲ, ಒಣ ಕೊಬ್ಬರಿ, ಗಸಗಸೆ, ಏಲಕ್ಕಿ. ಅವ್ವನಿಗೆ ಅಚ್ಚು ಬೇಡ, ಚಕ್ರ ಬೇಡ. ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಜಡೆಯ ಹಾಗೆ ಮಡಿಚುತ್ತಾಳೆ. ಎಪ್ಪತ್ತು ದಾಟಿದೆ, ಬೆರಳು ನಡುಗುತ್ತವೆ, ಮಡಿಕೆ ಮಾತ್ರ ಒಂದೇ ಅಳತೆ. ಬೆಲ್ಲದ ಡಬ್ಬಿ ತೆರೆದಾಗೆಲ್ಲ ಅವಳು ಪಕ್ಕದ ಖೋಲಿಯ ಕಾಕುವಿನ ಮಾತು ಎತ್ತುತ್ತಾಳೆ. 1982ರ ಜನವರಿ 18ಕ್ಕೆ ಗಿರಣಿ ಮುಷ್ಕರ ಶುರುವಾಯಿತು. ಎರಡೂವರೆ ಲಕ್ಷದಷ್ಟು ಕಾರ್ಮಿಕರಲ್ಲಿ ಅಪ್ಪನೂ ಒಬ್ಬರು, ಕಾಕುವಿನ ಗಂಡನೂ ಒಬ್ಬರು. ಡಿಸೆಂಬರ್ ಬಂದಾಗ ಎರಡೂ ಮನೆಯಲ್ಲಿ ಏನೂ ಇರಲಿಲ್ಲ. ನನಗೆ ಏಳು ವರ್ಷ. 24ರ ರಾತ್ರಿ ಕಾಕು ಸೆರಗಿನಲ್ಲಿ ಬೆಲ್ಲದ ಒಂದು ಉಂಡೆ ತಂದು ಅವ್ವನ ಕೈಗೆ ಕೊಟ್ಟು, "ಪೋರಾಂಸಾಠಿ" ಅಂದಿದ್ದರು. ಮಕ್ಕಳಿಗೋಸ್ಕರ ಅಂತ. ಆ ರಾತ್ರಿ ಹನ್ನೊಂದು ಕರ್ಚಿಕಾಯಿ ಆಗಿದ್ದವು. ಐದು ಅವರ ಮನೆಗೆ, ಆರು ನಮಗೆ. ಕಾಕು ಈಗಿಲ್ಲ. ಮೊದಲ ತಟ್ಟೆ ಇವತ್ತಿಗೂ ಅವರ ಮಗನ ಮನೆಗೆ ಹೋಗುತ್ತದೆ.

ಸೋಮವಾರ ಬೆಳಗಿನ ಜಾವ. ಹೊರಗೆ ಕತ್ತಲೆ, ಕಿಟಕಿಯಲ್ಲಿ ನಕ್ಷತ್ರದ ಬೆಳಕು. ಅಪ್ಪನ ಬೈಬಲ್ಲಿನ ರಟ್ಟು ಸಡಿಲವಾಗಿದೆ, ಅದಕ್ಕೆ ಕೆಳಗೆ ದಿಂಬು ಇಟ್ಟು ತೆರೆದೆವು. ಮಗಳು ಶುರು ಮಾಡಿದಳು. ಖಾನೇಷುಮಾರಿ ಸರಿಯಾಗಿ ಬಂತು. ನಜರೇತಿನಿಂದ ಬೇತ್ಲೆಹೇಮಿಗೆ ಹೋದರು. ಛತ್ರದಲ್ಲಿ ಜಾಗ ಸಿಗಲಿಲ್ಲ. ಇಪ್ಪತ್ತು ವಚನದಲ್ಲಿ ಗೋದಲಿ ಅನ್ನುವ ಪದ ಮೂರು ಸಲ ಬರುತ್ತದೆ. ತಾಯಿ ಮಲಗಿಸುವಾಗ, ದೂತನು ಕುರುಬರಿಗೆ ಗುರುತು ಹೇಳುವಾಗ, ಕುರುಬರು ಬಂದು ನೋಡುವಾಗ. ಮೂರು ಸಲವೂ ಅವಳ ಬೆರಳು ಆ ಪದದ ಮೇಲೆ ಒಂದು ಕ್ಷಣ ಹೆಚ್ಚು ನಿಂತಿತು. ಬೆರಳನ್ನು ಮೆಲ್ಲಗೆ ಉಜ್ಜುತ್ತಿದ್ದಳು, ನುಣುಪು ನೋಡುವ ಹಾಗೆ. ಅವ್ವನ ಪ್ರಾರ್ಥನೆ ಉದ್ದವಾಯಿತು. ಅಪ್ಪನ ಹೆಸರು ಬಂತು, ಕಾಕುವಿನ ಹೆಸರು ಬಂತು, ಕೊನೆಗೆ ಹೆಸರು ಗೊತ್ತಿಲ್ಲದ ಭೈಯಾ ಮತ್ತು ಅವನ ಎಮ್ಮೆಗಳೂ ಬಂದವು. ಆಮೆನ್ ಅಂದು ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಏಳು ಗಂಟೆಯ ಆರಾಧನೆಗೆ ಓಡಿದೆವು.

ಮಂಗಳವಾರ ಅವ್ವ ಮತ್ತೆ ರಿಕ್ಷಾ ಕರೆಸಿದಳು. ಒಂದು ಸ್ಟೀಲ್ ಡಬ್ಬಿ ತುಂಬ ಕರ್ಚಿಕಾಯಿ, ಮೇಲೆ ನಾಲ್ಕು ಚಕ್ಕಲಿ. ಭೈಯಾ ನಮ್ಮನ್ನು ಕಂಡು ಆಶ್ಚರ್ಯಪಟ್ಟ. ಡಬ್ಬಿ ತೆರೆದು ಒಂದನ್ನು ಎತ್ತಿ ತಿರುಗಿಸಿ ನೋಡಿದ. ಮುಖ ಅರಳಿತು. "ಅರೇ, ಯೇ ತೋ ಗುಜಿಯಾ ಹೈ!" ಅವನ ಊರಲ್ಲಿ ಹೋಳಿ ಹಬ್ಬಕ್ಕೆ ಇದನ್ನೇ ಮಾಡುತ್ತಾರಂತೆ. ಒಳಗೆ ಖೋವಾ ತುಂಬುತ್ತಾರಂತೆ. ಊರಿಗೆ ಹೋಗಿ ಮೂರು ವರ್ಷವಾಯಿತು, ಮನೆಯ ಗುಜಿಯಾ ತಿಂದೂ ಮೂರು ವರ್ಷ ಅಂದ. ನಿಂತಲ್ಲೇ ಒಂದು ತಿಂದು, ಉಳಿದದ್ದನ್ನು ಗಮ್ಚಾದಲ್ಲಿ ಕಟ್ಟಿಕೊಂಡು ಡಬ್ಬಿ ತೊಳೆದು ಕೊಟ್ಟ. ಖಾಲಿ ಕೊಡಬಾರದು ಅಂತ ಅದರ ತುಂಬ ಹಾಲು ಹಾಕಿದ.

"ಏನಂದ?" ಅಂತ ಅವ್ವ ಮೊಮ್ಮಗಳನ್ನು ಕೇಳಿದಳು. ಅವಳು ಎಲ್ಲ ಬಿಡಿಸಿ ಹೇಳಿದಳು.

ರಿಕ್ಷಾದಲ್ಲಿ ಹಾಲು ತುಳುಕದ ಹಾಗೆ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ ಅವ್ವ ಹೆದ್ದಾರಿ ಬರುವವರೆಗೆ ಮಾತಾಡಲಿಲ್ಲ. ಆಮೇಲೆ, "ಬರೂ ವರ್ಷ ಅರ್ಧಕ್ಕ ಖೋವಾ ತುಂಬಿ ನೋಡೂಣು" ಅಂದಳು.