ಏಳು ಸಲ ಬಡಿಸಿದ ಊಟ: ಹುಬ್ಬಳ್ಳಿಯಿಂದ ಕ್ರಿಸ್‌ಮಸ್‌ಗೆ ಗೋವಾಕ್ಕೆ ಹೊರಟವರಿಗೆ

ಹೋದ ಡಿಸೆಂಬರ್ 24ರ ರಾತ್ರಿ ದಕ್ಷಿಣ ಗೋವಾದ ಕಾಣಕೋಣದ ಹತ್ತಿರ, ಸಮುದ್ರಕ್ಕೆ ಹತ್ತಿಕೊಂಡ ಒಂದು ದೊಡ್ಡ ರಿಸಾರ್ಟಿನಲ್ಲಿ ಊಟಕ್ಕೆ ಕೂತಿದ್ದೆವು. ನಾನು, ನಮ್ಮ ಮನೆಯವರು, ಅತ್ತೆ, ಹನ್ನೊಂದು ವರ್ಷದ ಮಗಳು. ವಿದ್ಯಾನಗರಕ್ಕೆ ವಾಪಸ್ ಬಂದ ಮೇಲೆ ಓಣಿಯವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. "ಎಷ್ಟು ಖರ್ಚಾತ್ರಿ?" ಆಮೇಲೆ, "ವೆಜ್ ಸಿಗತೈತೇನ್ರಿ?" ಮುಂದಿನ ವರ್ಷ ಹೋಗೋ ಯೋಚನೆ ಇದ್ದವರಿಗೆ ಎರಡಕ್ಕೂ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ಇಂಥ ಊಟದ ಅರ್ಧ ಕೆಲಸ ಹೋಗುವ ಮೊದಲು ಫೋನಿನಲ್ಲೇ ಮುಗಿದಿರಬೇಕು. ನಮ್ಮದು ಮುಗಿದಿರಲಿಲ್ಲ.

ಮೊದಲು ದುಡ್ಡು. ನಾವು ರೂಮ್ ಬುಕ್ ಮಾಡಿದಾಗ "ಬ್ರೇಕ್‌ಫಾಸ್ಟ್ ಸೇರಿ" ಅಂತ ಇತ್ತು. ಹೊರಡೋಕೆ ಹತ್ತು ದಿನ ಇದ್ದಾಗ ಸುಮ್ನೆ ಒಂದು ಮಾತು ಕೇಳೋಣ ಅಂತ ಫೋನ್ ಮಾಡಿದೆ. ಆಗ ಗೊತ್ತಾಯಿತು, 24ರ ರಾತ್ರಿ ಅಲ್ಲಿ ಉಳಿಯುವವರೆಲ್ಲ ಗಾಲಾ ಡಿನ್ನರ್‌ನ, ಅಂದರೆ ಹಬ್ಬದ ವಿಶೇಷ ರಾತ್ರಿ ಊಟದ ದುಡ್ಡು ಕಟ್ಟಲೇಬೇಕು. ಉಣ್ಣಲಿ, ಬಿಡಲಿ. ಡಿಸೆಂಬರ್ 24 ಮತ್ತು 31ಕ್ಕೆ ದೊಡ್ಡ ರಿಸಾರ್ಟುಗಳಲ್ಲಿ ಈ ಪದ್ಧತಿ ಸಾಮಾನ್ಯ. ನಮಗೆ ಹೇಳಿದ್ದು ತಲೆಗೆ 6,500 ರೂಪಾಯಿ, ಮಗಳಿಗೆ ಅರ್ಧ. ಅದರ ಮೇಲೆ ಜಿಎಸ್‌ಟಿ ಬೇರೆ. ಊರಲ್ಲಿ ಹೋಟೆಲ್ ಬಿಲ್ಲಿಗೆ ಶೇ. 5 ನೋಡಿ ರೂಢಿ ಇರುವ ನಮಗೆ ಇಲ್ಲಿ ಶೇ. 18. ರೂಮಿನ ಬಾಡಿಗೆ ದಿನಕ್ಕೆ 7,500 ದಾಟುವ ಹೋಟೆಲಿನೊಳಗಿನ ರೆಸ್ಟೋರೆಂಟಿಗೂ ಅದೇ ದರ. ಅಲ್ಲಿಗೆ ದೊಡ್ಡವರ ಒಂದು ಊಟ 7,670 ಆಯಿತು. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ರಾಜ್ಯದ ತೆರಿಗೆ ಬೇರೆ ಸಾಲಿನಲ್ಲಿ ಬರುತ್ತದೆ. "ಅನ್‌ಲಿಮಿಟೆಡ್ ಡ್ರಿಂಕ್ಸ್" ಸೇರಿದ ದರ ಹೇಳಿದರೆ, ಕುಡಿಯದವರಿಗೆ ಎಷ್ಟು ಅಂತ ಕೇಳಿ. ಕೇಳಿದವರಿಗಷ್ಟೇ ಆ ದರ ಹೇಳುತ್ತಾರೆ.

ದಾರಿ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಕಾರವಾರ, ಮಾಜಾಳಿ ದಾಟಿದರೆ ಗೋವಾ. ಕಾಣಕೋಣಕ್ಕೆ ಸುಮಾರು 200 ಕಿ.ಮೀ. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ನಾನು ಸಣ್ಣವಳಿದ್ದಾಗಿನಿಂದ ಕೇಳುತ್ತಿದ್ದೇನೆ, ಹಳಿ ಮಾತ್ರ ಇನ್ನೂ ಕಂಡಿಲ್ಲ. ಹಾಗಾಗಿ ಗಾಡಿಯೇ ಗತಿ. ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಮಡಗಾಂವ್‌ಗೆ ರೈಲಿದೆ, ದೂಧಸಾಗರ ನೋಡುತ್ತ ಹೋಗಬಹುದು. ಆದರೆ ಅಲ್ಲಿಂದ ಮತ್ತೆ ದಕ್ಷಿಣಕ್ಕೆ ಟ್ಯಾಕ್ಸಿ ಹಿಡಿಯಬೇಕು, ಹಬ್ಬದ ದಿನ ಅದರ ಬಾಡಿಗೆ ಕೇಳಬೇಡಿ.

ನಾವು ಬೆಳಿಗ್ಗೆ ಹತ್ತಕ್ಕೆ ಹೊರಟಿದ್ದು ತಪ್ಪಾಯಿತು. ಅರಬೈಲ್‌ನಲ್ಲಿ ಲಾರಿಗಳ ಹಿಂದೆ ಇಳಿದು, ಕಾರವಾರದ ಕಾಳಿ ಸೇತುವೆ ಹತ್ತಿರ ಮತ್ತೆ ನಿಂತೆವು. ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿದ್ದಿತ್ತಲ್ವಾ, ನಾವು ಹೋದಾಗ ಹೋಗುವ ಬರುವ ಗಾಡಿಗಳೆಲ್ಲ ಉಳಿದ ಒಂದೇ ಸೇತುವೆ ಮೇಲೆ. ರಿಸಾರ್ಟ್ ಮುಟ್ಟಿದಾಗ ಐದೂವರೆ. ಆರೂ ಹತ್ತರ ಹೊತ್ತಿಗೆ ಸೂರ್ಯ ಮುಳುಗಿಯೇ ಬಿಟ್ಟ. ಅಷ್ಟು ದುಡ್ಡು ಕೊಟ್ಟು ಸಮುದ್ರ ನೋಡಿದ್ದು ಅರ್ಧ ಗಂಟೆ. ನೀವು ಆರಕ್ಕೆಲ್ಲ ಹೊರಡಿ, ಯಲ್ಲಾಪುರದಲ್ಲಿ ನಾಷ್ಟಾ ಮಾಡಿ.

ಇನ್ನು ವೆಜ್ ವಿಷಯ. ಅತ್ತೆ ಮತ್ತು ನಾನು ಮೊಟ್ಟೆ ಕೂಡ ಮುಟ್ಟೋದಿಲ್ಲ. ನಮ್ಮ ಮನೆಯವರು ಹೊರಗೆ ಬಂದಾಗ ಮೀನು ತಿನ್ನುತ್ತಾರೆ. ಅತ್ತೆಗೆ ಅದು ಗೊತ್ತು, ಗೊತ್ತಿಲ್ಲದ ಹಾಗೆ ಇರುತ್ತಾರೆ. ಫೋನಿನಲ್ಲಿ "ವೆಜ್ ಇದೆಯಾ" ಅಂದಾಗ "ಇದೆ ಮೇಡಂ" ಅಂದರು. ಸುಳ್ಳಲ್ಲ. ಆದರೆ ಅವರ ವೆಜ್ ಬೇರೆ, ನಮ್ಮ ವೆಜ್ ಬೇರೆ. ಹಾಗಾಗಿ ಒಂದೊಂದಾಗಿ ಕೇಳಬೇಕು. ಸೂಪಿನ ನೀರು ಕೋಳಿ ಎಲುಬಿನದಾ, ತರಕಾರಿಯದಾ? ಸಲಾಡ್ ಮೇಲೆ ಹಾಕೋ ಸೀಸರ್ ಡ್ರೆಸ್ಸಿಂಗಿನಲ್ಲಿ ಆಂಚೊವಿ ಮೀನು ಇರುತ್ತದೆ. ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ. ಮೂಸ್, ಪನ್ನಾ ಕೋಟಾದಂಥ ಸಿಹಿ ಗಟ್ಟಿಯಾಗಲು ಜೆಲಟಿನ್ ಹಾಕುತ್ತಾರೆ, ಅದೂ ಪ್ರಾಣಿಯದ್ದೇ. ಪ್ಲಮ್ ಕೇಕಿನಲ್ಲಿ ಮೊಟ್ಟೆ, ಎಷ್ಟೋ ಕಡೆ ರಮ್ ಕೂಡ. ಇನ್ನು ಗೋವಾದ ಹೆಮ್ಮೆಯ ಬೆಬಿಂಕಾ ಪೂರ್ತಿ ಮೊಟ್ಟೆಯ ಹಳದಿ, ತೆಂಗಿನ ಹಾಲು, ತುಪ್ಪದ ಮೇಲೆ ನಿಂತಿದೆ. ಒಂದು ಪದರ ಬೆಂದ ಮೇಲೆ ತುಪ್ಪ ಸವರಿ ಇನ್ನೊಂದು ಹೊಯ್ಯುತ್ತಾರೆ, ಏಳು ಪದರ ಇದ್ದರೆ ಅದು ಸಂಪ್ರದಾಯದ್ದು. ನೋಡೋಕೆ ಚಂದ. ನಾನು ನೋಡಿದೆ ಅಷ್ಟೇ.

ಇಷ್ಟನ್ನೂ ವಾಟ್ಸ್‌ಆಪ್‌ನಲ್ಲಿ ಬರೆದು ಕಳಿಸಿ, ಮೆನು ತರಿಸಿಕೊಳ್ಳಿ. ಫೋನ್ ಎತ್ತುವವರಿಗೆ ಅಡುಗೆಮನೆ ಗೊತ್ತಿರೋದಿಲ್ಲ. "ಶೆಫ್‌ಗೆ ತೋರಿಸಿ ಉತ್ತರ ಕೊಡಿ" ಅಂತ ಸ್ಪಷ್ಟವಾಗಿ ಹೇಳಿ. ನಾನು ಇದನ್ನೆಲ್ಲ ಮೇಜಿಗೆ ಬಂದು ಕೇಳಿದೆ. ಆ ಹುಡುಗ ಪಾಪ ನಾಲ್ಕು ಸಲ ಒಳಗೆ ಹೊರಗೆ ಓಡಾಡಿದ.

ಊಟ ಎಂಟಕ್ಕೆ, ಹುಲ್ಲುಹಾಸಿನ ಮೇಲೆ. ಎಲ್ಲ ಒಟ್ಟಿಗೆ ಅಲ್ಲ, ಒಂದಾದ ಮೇಲೆ ಒಂದು, ಏಳು ಸಲ ಬಡಿಸುತ್ತಾರೆ. ಮೊದಲು ಒಂದು ತುತ್ತಿನ ಬೀಟ್‌ರೂಟ್ ಟಾರ್ಟ್. ಆಮೇಲೆ ಕಾಲ್ದೊ ವೆರ್ದೆ ಸೂಪ್. ಪೋರ್ಚುಗೀಸರಿಂದ ಬಂದದ್ದು, ಆಲೂಗಡ್ಡೆ ಮತ್ತು ಸೊಪ್ಪು. ಮಾಮೂಲಾಗಿ ಅದರಲ್ಲಿ ಹಂದಿ ಮಾಂಸದ ಸಾಸೇಜ್ ಚೂರು ಇರುತ್ತದೆ, ನಮಗೆ ಬಿಟ್ಟು ಮಾಡಿದ್ದರು. ಪ್ರತಿ ಸಲ ತಾಟು ಎತ್ತಿ ಇನ್ನೊಂದು ತರೋಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ. ನಡುವೆ ಹಾಡು, ಸಾಂತಾ ಕ್ಲಾಸ್, ಮಕ್ಕಳಿಗೆ ಚಾಕಲೇಟು. ಮಗಳಿಗೆ ಇದು ಹಬ್ಬ. ಅತ್ತೆ ಶುರುವಿನಲ್ಲಿ ಖುಷಿಯಾಗೇ ಇದ್ದರು. "ಮದುವಿ ಪಂಕ್ತ್ಯಾಗ ಎಲ್ಲಾ ಎಲಿ ಮ್ಯಾಲ ಕಾಣ್ತೈತಿ, ಹೋಳಿಗಿಗೆ ಎಷ್ಟು ಹೊಟ್ಟಿ ಬಿಡಬೇಕಂತ ಮೊದಲ ಗೊತ್ತಿರತೈತಿ. ಇಲ್ಲಿ ಹೆಂಗ ಲೆಕ್ಕಾ ಹಾಕೂದವಾ?" ಅಂದರು. ಎಷ್ಟು ಸರಿ! ಮೆನು ಕಾರ್ಡ್ ಮೇಜಿನ ಮೇಲೆ ಇಡಿಸಿಕೊಳ್ಳಿ, ಲೆಕ್ಕಕ್ಕೆ ಬೇಕಾಗುತ್ತದೆ.

ನಾನು ಈ ಬರಹ ಬರೆಯಲು ಮುಖ್ಯ ಕಾರಣ ಆಮೇಲೆ ಆದದ್ದು. ಅತ್ತೆಗೆ ಶುಗರ್ ಇದೆ. ರಾತ್ರಿ ಊಟಕ್ಕೆ ಮೊದಲು ಒಂದು ಗುಳಿಗೆ. ಮನೆಯಲ್ಲಿ ಗುಳಿಗೆ ತಗೊಂಡು ಹದಿನೈದು ನಿಮಿಷಕ್ಕೆ ರೊಟ್ಟಿ ಮುರಿಯುತ್ತಾರೆ. ಇಲ್ಲೂ ಏಳೂ ಮುಕ್ಕಾಲಿಗೆ ತಗೊಂಡರು. ಆದರೆ ಒಂದು ತುತ್ತು, ಎಂಟು ಚಮಚ ಸೂಪು, ಸ್ವಲ್ಪ ಸೊಪ್ಪಿನ ಸಲಾಡ್, ಇಷ್ಟರಲ್ಲಿ ಒಂಬತ್ತೂವರೆ ಆಗಿತ್ತು. ಹೊಟ್ಟೆಗೆ ಅನ್ನ ಇಲ್ಲ, ರೊಟ್ಟಿ ಇಲ್ಲ. ಸಮುದ್ರದ ತಂಪು ಗಾಳಿಯಲ್ಲೂ ಅವರ ಹಣೆ ಬೆವರುತ್ತಿತ್ತು. ನೀರಿನ ಗ್ಲಾಸ್ ಹಿಡಿದ ಕೈ ನಡುಗುತ್ತಿತ್ತು. "ಏನಾತ್ರಿ ಅತ್ತಿ?" ಅಂದರೆ "ಏನಿಲ್ಲವಾ, ಸುಮ್ನಿರು" ಅಂದರು. ಶುಗರ್ ಇಳಿದಿದೆ ಅಂತ ಹೊಳೆದು ಮೂಸಂಬಿ ಜ್ಯೂಸ್ ಕೇಳಿದೆ. ಬಡಿಸುವ ಹುಡುಗ ಜ್ಯೂಸಿನ ಜೊತೆ ಕೇಳದೇನೇ ಸಕ್ಕರೆ ಮತ್ತು ಎರಡು ಪೊಯಿ ಬ್ರೆಡ್ ತಂದ. ಹತ್ತು ಹದಿನೈದು ನಿಮಿಷಕ್ಕೆ ಅವರು ನೆಟ್ಟಗೆ ಕೂತರು.

ಊರಿಗೆ ಬಂದು ಡಾಕ್ಟರನ್ನು ಕೇಳಿದಾಗ, ಇಂಥ ಊಟದಲ್ಲಿ ಅತ್ತೆಯ ಗುಳಿಗೆ ಯಾವಾಗ ತಗೊಳ್ಳಬೇಕು ಅಂತ ವಿವರಿಸಿದರು. ಒಂದೊಂದು ಔಷಧಿಗೆ ಒಂದೊಂದು ಕ್ರಮ ಇರುವುದರಿಂದ ಅದನ್ನು ಇಲ್ಲಿ ಬರೆಯೋದಿಲ್ಲ. ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ, ಅದರಲ್ಲೂ ಇನ್ಸುಲಿನ್ ತಗೊಳ್ಳುವವರಿದ್ದರೆ, ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ಹೋಟೆಲಿನವರಿಗೂ ಒಂದು ಮಾತು ಹೇಳಿ: ನಮ್ಮ ಮೇಜಿಗೆ ಬ್ರೆಡ್ ಮೊದಲೇ ಬರಲಿ, ಹಿರಿಯರಿಗೆ ಮುಖ್ಯ ಊಟ ಬೇಗ ಬರಲಿ. ಹೇಳಿದರೆ ಮಾಡುತ್ತಾರೆ. ಪರ್ಸಿನಲ್ಲಿ ನಾಲ್ಕು ಪೆಪ್ಪರ್‌ಮೆಂಟ್ ಇರಲಿ.

ನಡುವೆ ಕೋಕಮ್ ಸೋರ್ಬೆ ಬಂತು. ಪುಟ್ಟ ಗ್ಲಾಸಿನಲ್ಲಿ ಹುಳಿ ಹುಳಿಯಾದ ಐಸ್, ನಾಲಿಗೆ ತೊಳೆಯೋಕೆ ಅಂತ ಕೊಡುವುದು. ನಮ್ಮ ಮನೆಯವರು ಐಸ್‌ಕ್ರೀಮ್ ಬಂತು, ಊಟ ಮುಗೀತು ಅಂತ ಕೈ ತೊಳೆಯಲು ಎದ್ದು ಹೋದರು. ವಾಪಸ್ ಬಂದಾಗ ಅವರ ಇಸವಾಣ ಮೀನು ಮೇಜಿನ ಮೇಲೆ ತಣ್ಣಗಾಗಿ ಕೂತಿತ್ತು. ನಮಗೆ ಕುಂಬಳಕಾಯಿ ಮತ್ತು ಗೋಡಂಬಿಯ ಕಾಲ್ದಿನ್, ಅಂದರೆ ಅರಿಶಿನ ಹಾಕಿದ ತೆಂಗಿನ ಹಾಲಿನ ಸಾರು, ಜೊತೆಗೆ ಅನ್ನ. ಇಡೀ ರಾತ್ರಿಯಲ್ಲಿ ನನಗೆ ನಿಜವಾಗಿ ರುಚಿಸಿದ್ದು ಇದೇ. ಬದನೆಕಾಯಿ ಎಣ್ಣೆಗಾಯಿಯ ಖಾರಕ್ಕೆ ಒಗ್ಗಿದವರು ಸಪ್ಪೆ ಅಂದಾರು, ಅತ್ತೆ ಮಾತ್ರ ಎರಡು ಸಲ ಹಾಕಿಸಿಕೊಂಡರು. ಹೌದು, ಎರಡನೇ ಸಲ ಕೇಳಬಹುದು. ನಾಚಿಕೆ ಪಡಬೇಡಿ.

ಕೊನೆಗೆ ಕುಸ್ವಾರ್ ತಟ್ಟೆ, ಕ್ರಿಸ್‌ಮಸ್‌ಗೆ ಮನೆಮನೆಯಲ್ಲಿ ಮಾಡಿ ಹಂಚುವ ತಿಂಡಿಗಳು. ಅದರಲ್ಲಿದ್ದ ನೆವ್ರಿ ನೋಡಿ ಅತ್ತೆ, "ಇದು ನಮ್ಮ ಕರ್ಚಿಕಾಯಿನ ಅಲ್ಲನು!" ಅಂದರು. ಅಕ್ಕಿಹಿಟ್ಟು, ತೆಂಗಿನ ಹಾಲು, ಕಪ್ಪು ಬೆಲ್ಲದ ದೋದೊಲ್‌ನಲ್ಲಿ ಮೊಟ್ಟೆ ಇಲ್ಲ, ನಾನು ಅದನ್ನೇ ತಿಂದೆ. ಕುಲ್‌ಕುಲ್ ಅನ್ನುವ ಕರಿದ ಸಣ್ಣ ಸಿಹಿ ಸುರುಳಿಗೆ ಕೆಲವರು ಮೊಟ್ಟೆ ಹಾಕುತ್ತಾರೆ, ಕೇಳಿಕೊಳ್ಳಿ.

ಕೆಲವು ಸಣ್ಣ ಮಾತು. ಸ್ಪೀಕರಿನಿಂದ ದೂರದ ಮೇಜು ಮೊದಲೇ ಕೇಳಿ, ಇಲ್ಲವಾದರೆ ಮೂರು ಗಂಟೆ ಒಬ್ಬರ ಮಾತು ಒಬ್ಬರಿಗೆ ಕೇಳೋದಿಲ್ಲ. ರಾತ್ರಿ ಇಬ್ಬನಿ ಬೀಳುತ್ತದೆ, ಹಿರಿಯರಿಗೆ ಶಾಲು ಬೇಕು. ಗಂಡಸರು ಚಡ್ಡಿ, ರಬ್ಬರ್ ಚಪ್ಪಲಿ ಹಾಕಿ ಬಂದರೆ ಬಾಗಿಲಲ್ಲೇ ತಡೆಯುತ್ತಾರೆ. ಇಳಕಲ್ ಸೀರೆಗೆ ಯಾವ ಅಡ್ಡಿಯೂ ಇಲ್ಲ. ಗದ್ದಲ ಬೇಡ ಅನ್ನುವವರು ಅಗೊಂದ, ಗಾಲ್ಜಿಬಾಗ್ ಕಡೆ ನೋಡಿ. ಅಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, ದಂಡೆಯಲ್ಲಿ ಜೋರು ದೀಪ, ಸದ್ದು ಮಾಡಬಾರದು.

ಬಿಲ್ ಬಂದಾಗ ನಮ್ಮ ಊಟದ 22,750ರ ಮೇಲೆ ಶೇ. 10 ಸರ್ವಿಸ್ ಚಾರ್ಜ್ ಇತ್ತು. 2,275 ರೂಪಾಯಿ, ಅದರ ಮೇಲೆ ಮತ್ತೆ ಜಿಎಸ್‌ಟಿ. ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಸರ್ವಿಸ್ ಚಾರ್ಜನ್ನು ಹೋಟೆಲಿನವರು ತಾವಾಗಿ ಸೇರಿಸಬಾರದು ಅಂತ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಸಮಾಧಾನವಾಗಿ ಹೇಳಿದೆ, ತೆಗೆದರು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಆ ಜ್ಯೂಸ್ ತಂದ ಹುಡುಗನಿಗೆ ಮಾತ್ರ ಕೈಯಲ್ಲೇ ಐನೂರು ಕೊಟ್ಟೆವು.

ವಾಪಸ್ ಬರುವಾಗ ಮಾಜಾಳಿಯಲ್ಲಿ ಗಾಡಿ ತಪಾಸಣೆ ಇರುತ್ತದೆ. ಅಗ್ಗ ಅಂತ ಗೋವಾದ ಬಾಟಲಿ ಪರವಾನಗಿ ಇಲ್ಲದೆ ತರಬೇಡಿ. ನಮ್ಮ ಡಿಕ್ಕಿಯನ್ನೂ ತೆಗೆಸಿದರು. ಸಿಕ್ಕಿದ್ದು ಎರಡು ಡಬ್ಬಿ ದೋದೊಲ್ ಮತ್ತು ಅತ್ತೆ ಹುಬ್ಬಳ್ಳಿಯಿಂದ ಕಟ್ಟಿಕೊಂಡು ಬಂದು, ಗಂಟು ಬಿಚ್ಚದೇ ವಾಪಸ್ ಒಯ್ಯುತ್ತಿದ್ದ ಖಡಕ್ ರೊಟ್ಟಿ.