ಮಣ್ಣಿನ ಬ್ಲಾಕ್: ಪ್ರಯೋಗಾಲಯದ ಲೆಕ್ಕ ತಕ್ಕಡಿಗೆ ಇಳಿಯಬೇಕು

ಮಣ್ಣಿಗೆ ಮರಳು, ಚೂರು ಸಿಮೆಂಟ್ ಬೆರೆಸಿ ಪ್ರೆಸ್ಸಿನಲ್ಲಿ ಒತ್ತಿ ತೆಗೆಯುವ, ಸುಡದ ಇಟ್ಟಿಗೆಯೇ ಮಣ್ಣಿನ ಬ್ಲಾಕ್. ಈ ಕೆಲಸ ಶುರು ಮಾಡುವವರು ಪ್ರೆಸ್ಸಿನ ಬೆಲೆ ವಿಚಾರಿಸುವ ಮೊದಲು 20 ಕೆಜಿವರೆಗೆ ತೂಗಬಲ್ಲ ಒಳ್ಳೆಯ ತಕ್ಕಡಿ ತಂದಿಟ್ಟುಕೊಳ್ಳಿ. ಈ ಕೆಲಸ ಕಲಿಸಿದ ಪಾಠಗಳಲ್ಲಿ ಇದೇ ದೊಡ್ಡದು. ವಿಶ್ವವಿದ್ಯಾಲಯದ ಸಂಶೋಧನೆ ಹಳ್ಳಿಯ ಅಂಗಳಕ್ಕೆ ಬರುವಾಗ ದಾರಿಯಲ್ಲಿ ಏನು ಕಳೆದುಹೋಗುತ್ತದೆ, ಏನು ಉಳಿದರೆ ಮನೆ ನಿಲ್ಲುತ್ತದೆ ಎನ್ನುವುದು ಈ ತಕ್ಕಡಿಯ ಸುತ್ತಲೇ ಇದೆ.

ಹಿನ್ನೆಲೆ ಚುಟುಕಾಗಿ. ಕೈಯಿಂದ ಒತ್ತುವ ಪ್ರೆಸ್ 1950ರ ದಶಕದಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿದ್ದ ವಸತಿ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿತು. ರೌಲ್ ರಮಿರೆಜ್ ರೂಪಿಸಿದ ಆ ಯಂತ್ರದ ಹೆಸರು ಸಿನ್ವಾ ರ್‍ಯಾಮ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಕಟ್ಟಿದರು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ, ತಂತ್ರಜ್ಞಾನವನ್ನು ಒಯ್ಯುವುದೇ ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದಕ್ಕೊಂದು ವಿಸ್ತರಣಾ ಕೇಂದ್ರವೂ ಇತ್ತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಸಂಗಡಿಗರು ನಮ್ಮ ಮಣ್ಣುಗಳ ಮೇಲೆ ವರ್ಷಗಟ್ಟಲೆ ಪರೀಕ್ಷೆ ಮಾಡಿ, ಬ್ಲಾಕಿನ ಬಲ ಯಾವುದರ ಮೇಲೆ ನಿಂತಿದೆ ಎಂದು ಬಿಡಿಸಿ ತೋರಿಸಿದರು. ಒತ್ತಿದಾಗಿನ ಸಾಂದ್ರತೆ, ಜೇಡಿ ಎಷ್ಟಿದೆ ಮತ್ತು ಯಾವ ಜಾತಿಯದು, ಸಿಮೆಂಟ್ ಎಷ್ಟು: ಮುಖ್ಯವಾದವು ಇವು. ಯಂತ್ರಕ್ಕಿಂತ ದೊಡ್ಡ ಕೊಡುಗೆ ಈ ತಿಳಿವಳಿಕೆ.

ಮೊದಲು ಮಣ್ಣು. ಮೇಲಿನ ಅರ್ಧದಿಂದ ಒಂದು ಅಡಿ ಬೇರು, ಗೊಬ್ಬರ ಸೇರಿದ ಮಣ್ಣು. ಅದನ್ನು ಬದಿಗೆ ಸರಿಸಿ, ತೋಟಕ್ಕೆ ಹಾಕಿ. ಸಾವಯವ ವಸ್ತು ಇದ್ದಲ್ಲಿ ಸಿಮೆಂಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಕೆಳಗಿನ ಮಣ್ಣನ್ನು ಒಣಗಿಸಿ, ಹೆಂಟೆ ಒಡೆದು, 5 ಮಿ.ಮೀ. ಜರಡಿಯಲ್ಲಿ ಹಾಯಿಸಬೇಕು. ನಮ್ಮ ಬಯಲುಸೀಮೆಯ ಕೆಂಪುಮಣ್ಣಿನಲ್ಲಿ ಹೆಚ್ಚಾಗಿ ಇರುವುದು ಕೆಯೊಲಿನೈಟ್ ಜೇಡಿ. ಅದು ನೀರು ಕುಡಿದು ಹೆಚ್ಚು ಉಬ್ಬುವುದಿಲ್ಲ, ಸಿಮೆಂಟಿಗೆ ಒಗ್ಗುತ್ತದೆ. ಎರೆಮಣ್ಣಿನ ಮಾಂಟ್‌ಮೊರಿಲೊನೈಟ್ ಹಾಗಲ್ಲ. ಉಬ್ಬುತ್ತದೆ, ಕುಗ್ಗುತ್ತದೆ, ಬ್ಲಾಕನ್ನು ಒಳಗಿಂದಲೇ ಸೀಳುತ್ತದೆ. ಅದಕ್ಕೆ ಸುಣ್ಣ ಬೇಕು, ಮರಳು ಬಹಳ ಬೇಕು, ಹದಕ್ಕೆ ಬರಲು ಕಾಲವೂ ಬೇಕು. ಎರೆ ಸೀಮೆಯಲ್ಲಿ ಇದೇ ಬ್ಲಾಕ್ ಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಕೆಂಪುಕಲ್ಲು ಅಗ್ಗವಾಗಿ ಸಿಗುವ ಕರಾವಳಿಯಲ್ಲಿಯೂ ಅಷ್ಟೇ. ಒಂದು ಕಡೆ ಗೆದ್ದದ್ದನ್ನು ಎಲ್ಲ ಕಡೆ ಹಂಚಲು ಹೊರಟ ಯೋಜನೆಗಳು ಸೋಲುವುದು ಇಲ್ಲೇ.

ಜೇಡಿ ಎಷ್ಟಿದೆ ಎಂದು ತಿಳಿಯಲು ನೇರ ಗೋಡೆಯ ಗಾಜಿನ ಬಾಟಲಿ ಸಾಕು. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಅಲುಗಾಡಿಸಿ, ಒಂದು ಗಂಟೆ ಬಿಟ್ಟು ಮತ್ತೆ ಅಲುಗಾಡಿಸಿ ಇಡಿ. ಮರಳು ಕೂಡಲೇ ತಳ ಸೇರುತ್ತದೆ, ಅದರ ಮೇಲೆ ಗೋಡು ಕೂರುತ್ತದೆ, ಜೇಡಿ ಮರುದಿನದ ಹೊತ್ತಿಗೆ. ಉಪ್ಪು ಹಾಕುವುದು ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಬೇಗ ಇಳಿಯಲಿ ಎಂದು. ಪದರಗಳನ್ನು ಸ್ಕೇಲಿನಿಂದ ಅಳೆಯುವಾಗ ಒಂದು ಎಚ್ಚರ ಬೇಕು: ಜೇಡಿಯ ಪದರದೊಳಗೆ ನೀರು ಸಿಕ್ಕಿಕೊಂಡಿರುತ್ತದೆ, ಆದ್ದರಿಂದ ಇರುವುದಕ್ಕಿಂತ ದಪ್ಪ ಕಾಣುತ್ತದೆ. ಬಾಟಲಿ ದಾರಿ ತೋರಿಸುತ್ತದೆ ಅಷ್ಟೆ. ದೊಡ್ಡ ಕಟ್ಟಡವಾದರೆ ಒಮ್ಮೆ ಪ್ರಯೋಗಾಲಯಕ್ಕೆ ಮಣ್ಣು ಕಳಿಸಿ.

ಸಿಮೆಂಟ್ ಹಾಕುವ ಬ್ಲಾಕಿಗೆ ಜೇಡಿ ಶೇ. 10ರಿಂದ 15ರೊಳಗೆ, ಮರಳು ಶೇ. 65ಕ್ಕೆ ಮೇಲೆ ಇದ್ದರೆ ಒಳ್ಳೆಯದು. ಶೇ. 30 ಜೇಡಿ ಇರುವ ಕೆಂಪುಮಣ್ಣಾದರೆ ಒಂದು ಬಾಂಡ್ಲಿ ಮಣ್ಣಿಗೆ ಒಂದು ಬಾಂಡ್ಲಿ ಮರಳು ಅಥವಾ ಕ್ರಷರ್ ಪುಡಿ ಬೆರೆಸಿದರೆ ಆಸುಪಾಸು ಅಲ್ಲಿಗೆ ಬರುತ್ತದೆ. ಜೇಡಿ ತೀರಾ ಕಡಿಮೆಯಾದರೂ ತೊಂದರೆ. ಪ್ರೆಸ್ಸಿನಿಂದ ಎತ್ತುವಾಗಲೇ ಹಸಿ ಬ್ಲಾಕಿನ ಮೂಲೆ ಉದುರುತ್ತದೆ. ‘ಮಣ್ಣಿನ ಮನೆ, ಮರಳು ಯಾಕೆ?’ ಎಂದು ಮನೆ ಕಟ್ಟಿಸುವವರು ಕೇಳುತ್ತಾರೆ. ಮರಳು ಕಡಿಮೆ ಮಾಡಿ ಸಿಮೆಂಟ್ ಏರಿಸಿದರೆ ದುಡ್ಡು ಹೋಗುತ್ತದೆ, ಬಲ ಬರುವುದಿಲ್ಲ. ಜೇಡಿ ಹೆಚ್ಚಿದ್ದಷ್ಟೂ ಸಿಮೆಂಟಿನ ಹಿಡಿತ ಸಡಿಲವಾಗುತ್ತದೆ.

ಈಗ ತೂಕಕ್ಕೆ ಬರೋಣ. ಮರ್ದಿನಿ ಪ್ರೆಸ್ಸಿನಂಥ ಕೈ ಯಂತ್ರದಲ್ಲಿ ಬ್ಲಾಕಿನ ಅಳತೆ ನಿಗದಿಯಾಗಿರುತ್ತದೆ; ಇಲ್ಲಿನ ಲೆಕ್ಕ 230 × 190 × 100 ಮಿ.ಮೀ. ಬ್ಲಾಕಿನದು. ಹಿಡಿ ಪೂರ್ತಿ ಇಳಿದಾಗ ಡಬ್ಬಿಯೊಳಗಿನ ಜಾಗ ಯಾವಾಗಲೂ ಅಷ್ಟೇ, ಅಂದರೆ 4.37 ಲೀಟರ್. ಹಾಗಾಗಿ ಬ್ಲಾಕು ಎಷ್ಟು ದಟ್ಟ ಎನ್ನುವುದನ್ನು ತೀರ್ಮಾನಿಸುವುದು ಹಿಡಿ ಎಳೆಯುವವನ ತೋಳಲ್ಲ, ಡಬ್ಬಿಗೆ ಸುರಿದ ಮಿಶ್ರಣದ ತೂಕ. ಕಡಿಮೆ ಸುರಿದರೂ ಹಿಡಿ ಇಳಿಯುತ್ತದೆ, ಹಗುರಾಗಿಯೇ ಇಳಿಯುತ್ತದೆ. ಬ್ಲಾಕು ಅದೇ ಗಾತ್ರದ್ದು, ಅಷ್ಟೇ ನುಣುಪಾದದ್ದು ಹೊರಬರುತ್ತದೆ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ಸಂಜೆ ಹೊತ್ತಿಗೆ ತೋಳು ಸೋತ ಕೆಲಸಗಾರ ತನಗೇ ಗೊತ್ತಿಲ್ಲದೆ ಅರ್ಧ ಬೊಗಸೆ ಕಡಿಮೆ ಸುರಿಯುತ್ತಾನೆ. ಅದು ಅವನ ತಪ್ಪಲ್ಲ, ತೂಗದೆ ಸುರಿಯುವ ಪದ್ಧತಿಯ ತಪ್ಪು.

ಒಣ ಸಾಂದ್ರತೆಯ ಗುರಿ ಒಂದು ಘನ ಸೆಂಟಿಮೀಟರಿಗೆ 1.8 ಗ್ರಾಂ. ಅದಕ್ಕಿಂತ ಬಹಳ ಮೇಲೆ ಹೋಗಲು ಕೈ ಪ್ರೆಸ್ಸಿಗೆ ಶಕ್ತಿ ಸಾಲದು. ಕೆಳಗಿಳಿದರೆ ಬಲ ಸಾಂದ್ರತೆಗಿಂತ ಬಹಳ ವೇಗವಾಗಿ ಕುಸಿಯುತ್ತದೆ. 4.37 ಲೀಟರಿಗೆ 1.8ರಂತೆ ಒಣ ತೂಕ 7.87 ಕೆಜಿ. ಶೇ. 11 ನೀರು ಸೇರಿದರೆ 8.73. ಆದ್ದರಿಂದ ಪ್ರತಿ ಬ್ಲಾಕಿಗೂ 8.7 ಕೆಜಿ ಹಸಿ ಮಿಶ್ರಣ ತೂಗಿ ಸುರಿಯಿರಿ. ಒಂದು ಬಕೆಟ್ಟಿಗೆ ಗೆರೆ ಎಳೆದು ಅದನ್ನೇ ಅಳತೆ ಮಾಡಿಕೊಳ್ಳುವವರೂ ಇದ್ದಾರೆ. ತೇವ ಬದಲಾದಂತೆ ಸಡಿಲ ಮಿಶ್ರಣ ಕೂರುವ ರೀತಿ ಬದಲಾಗುತ್ತದೆ, ಗೆರೆ ಸುಳ್ಳು ಹೇಳುತ್ತದೆ. ತಕ್ಕಡಿಯೇ ವಾಸಿ.

ತೂಕ ಒಂದೇ ಸಾಲದು, ನೀರಿನ ಪ್ರಮಾಣವೂ ಗೊತ್ತಿರಬೇಕು. ನೀರು ಶೇ. 13 ಆಗಿದ್ದರೆ ಅದೇ 8.7 ಕೆಜಿಯಲ್ಲಿ ಒಣ ಪದಾರ್ಥ 7.7 ಕೆಜಿಗೆ ಇಳಿದು ಸಾಂದ್ರತೆ 1.76 ಆಗಿರುತ್ತದೆ. ಅಂಗಳದಲ್ಲೇ ಅಳೆಯುವುದು ಸುಲಭ. ಸಿಮೆಂಟ್ ಹಾಕದ ತೇವದ ಮಣ್ಣು 200 ಗ್ರಾಂ ತೂಗಿ ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿ ಮತ್ತೆ ತೂಗಿ. 180 ಗ್ರಾಂ ಉಳಿದರೆ 20 ಗ್ರಾಂ ನೀರು. 20ನ್ನು 180ರಿಂದ ಭಾಗಿಸಿದರೆ ಶೇ. 11. ಮಳೆ ಬಿದ್ದ ಮರುದಿನ ಇದನ್ನು ತಪ್ಪಿಸಬೇಡಿ, ಮರಳಿನ ರಾಶಿಯೊಳಗೇ ಸಾಕಷ್ಟು ನೀರು ಕೂತಿರುತ್ತದೆ. ದಿನವಿಡೀ ನೋಡಿಕೊಳ್ಳಲು ಕೈಯೇ ಸಾಕು: ತಂಬಿಟ್ಟಿನ ಉಂಡೆಯ ಹಾಗೆ ಒತ್ತಿದರೆ ಕೂಡಿಕೊಳ್ಳಬೇಕು, ಅಂಗೈ ಒದ್ದೆಯಾಗಬಾರದು. ಆ ಉಂಡೆಯನ್ನು ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ನಾಲ್ಕೈದು ಚೂರಾದರೆ ಹದ ಸರಿ. ಪುಡಿಯಾದರೆ ನೀರು ಸಾಲದು; ಚಪ್ಪಟೆಯಾಗಿ ಕೂತರೆ ಹೆಚ್ಚಾಗಿದೆ.

ಸಿಮೆಂಟಿನ ಲೆಕ್ಕಕ್ಕೂ ಇಂಥದ್ದೇ ಸರಳ ಪರೀಕ್ಷೆ ಇದೆ. ಒಣ ಮಣ್ಣು–ಮರಳಿನ ತೂಕದ ಶೇ. 7 ಸಿಮೆಂಟ್ ಎಂದು ಒಪ್ಪಂದವಾಗಿದ್ದರೆ ಒಂದು ಬ್ಲಾಕಿಗೆ ಅರ್ಧ ಕೆಜಿಗಿಂತ ಚೂರು ಹೆಚ್ಚು ಹೋಗುತ್ತದೆ. 50 ಕೆಜಿಯ ಒಂದು ಚೀಲಕ್ಕೆ 97 ಬ್ಲಾಕು. ಸಂಜೆ ಖಾಲಿ ಚೀಲಗಳನ್ನೂ ಬ್ಲಾಕುಗಳನ್ನೂ ಎಣಿಸಿ. ಚೀಲಕ್ಕೆ 130 ಬಂದಿದ್ದರೆ ಬಿದ್ದಿರುವುದು ಶೇ. 5 ಮಾತ್ರ. ಜಗಳ, ಅನುಮಾನ ಏನೂ ಬೇಕಿಲ್ಲ, ಎಣಿಕೆ ಸಾಕು.

ಒಂದು ಇಡೀ ಚೀಲವನ್ನು ಒಮ್ಮೆಲೇ ಕಲೆಸುವುದು ಎಲ್ಲೆಡೆ ಕಾಣುವ ಅಭ್ಯಾಸ, ತುಂಬ ನಷ್ಟದ ಅಭ್ಯಾಸ. ಕೈ ಪ್ರೆಸ್ಸಿನಲ್ಲಿ ಪಳಗಿದ ತಂಡ ನಿಮಿಷಕ್ಕೊಂದು ಬ್ಲಾಕು ತೆಗೆಯಿತು ಎಂದಿಟ್ಟುಕೊಂಡರೂ 97 ಬ್ಲಾಕಿಗೆ ಒಂದೂವರೆ ಗಂಟೆ ಬೇಕು. ಸಿಮೆಂಟಿಗೆ ನೀರು ತಾಗಿ ಅರ್ಧ ಗಂಟೆ ದಾಟಿದ ಮೇಲೆ ಅದು ಹಿಡಿಯತೊಡಗುತ್ತದೆ. ಆಮೇಲೆ ಒತ್ತಿದರೆ ಆಗತಾನೆ ಮೂಡಿದ ಹಿಡಿತವನ್ನು ನಾವೇ ಮುರಿದ ಹಾಗೆ, ದಟ್ಟವಾಗಿ ಕೂರಿಸುವುದೂ ಕಷ್ಟ. ಆದ್ದರಿಂದ 15 ಕೆಜಿ ಸಿಮೆಂಟ್, ಅದಕ್ಕೆ 215 ಕೆಜಿ ಒಣ ಮಣ್ಣು–ಮರಳು ಎಂದು ಸಣ್ಣ ಸಣ್ಣ ಕಲೆಸು ಮಾಡಿ. ಒಣಗಿದ್ದಾಗಲೇ ಬಣ್ಣ ಒಂದೇ ಸಮ ಬರುವವರೆಗೆ ಸಲಿಕೆಯಿಂದ ಮಗುಚಬೇಕು. ನೀರನ್ನು ಗಿಡಕ್ಕೆ ಹಾಕುವ ಜಾಲರಿ ಕ್ಯಾನಿನಿಂದ ಚಿಮುಕಿಸಬೇಕು. ಬಕೆಟ್ಟಿನಿಂದ ಸುರಿದರೆ ಗಂಟುಗಟ್ಟುತ್ತದೆ, ಒಂದೊಂದು ಗಂಟೂ ಬ್ಲಾಕಿನೊಳಗೆ ಒಂದೊಂದು ದುರ್ಬಲ ಜಾಗ.

ಹಸಿ ಬ್ಲಾಕನ್ನು ಮೂಲೆಗಳಿಗೆ ಬೆರಳು ತಾಗದಂತೆ ಎರಡೂ ಅಂಗೈಯಿಂದ ಎತ್ತಿ, ನೆರಳಿನಲ್ಲಿ ಐದಾರು ಸಾಲಿಗಿಂತ ಎತ್ತರ ಪೇರಿಸದೆ ಇಡಬೇಕು. ಮೊದಲ ದಿನ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮರುದಿನದಿಂದ ಹುಲ್ಲು ಇಲ್ಲವೆ ಗೋಣಿಚೀಲ ಮುಚ್ಚಿ ಮೂರರಿಂದ ನಾಲ್ಕು ವಾರ ಅದು ಒಣಗದಂತೆ ನೀರು ಚಿಮುಕಿಸಬೇಕು. ಬೇಸಿಗೆಯಲ್ಲಿ ದಿನಕ್ಕೆ ಮೂರು ಬಾರಿಯಾದರೂ ಬೇಕು. ಹಣ ಉಳಿಸಲು ಎಲ್ಲರೂ ಕೈ ಹಾಕುವುದು ಈ ಹಂತಕ್ಕೇ. ಮೊದಲ ವಾರ ಒಣಗಿದ ಬ್ಲಾಕಿಗೆ ಆಮೇಲೆ ಎಷ್ಟು ನೀರುಣಿಸಿದರೂ ಕಳೆದುಕೊಂಡ ಬಲ ಪೂರ್ತಿ ಬರುವುದಿಲ್ಲ.

ಪರೀಕ್ಷೆಗೆ ಕಳಿಸುವಾಗ ಒದ್ದೆ ಬಲವನ್ನೇ ಕೇಳಿ. ಒಣಗಿದ ಜೇಡಿ ತಾನಾಗಿಯೇ ಗಟ್ಟಿ. ಸಿಮೆಂಟೇ ಇಲ್ಲದ ಬ್ಲಾಕು ಕೂಡ ಒಣ ಪರೀಕ್ಷೆಯಲ್ಲಿ ಮರ್ಯಾದೆಯ ಅಂಕಿ ಕೊಟ್ಟು, ನೀರಿಗೆ ಬಿದ್ದರೆ ಕರಗಿಹೋಗುತ್ತದೆ. 48 ಗಂಟೆ ನೀರಿನಲ್ಲಿ ಮುಳುಗಿಸಿ ಒತ್ತಿದಾಗ ಬರುವ ಅಂಕಿಯೇ ನಿಜವಾದದ್ದು. ಒಣ ಅಂಕಿಯ ಅರ್ಧದಷ್ಟಕ್ಕೆ ಅದು ಇಳಿಯುವುದು ಸಾಮಾನ್ಯ. ಒದ್ದೆಯಲ್ಲಿ 3 ಮೆಗಾಪ್ಯಾಸ್ಕಲ್ ಬಂದರೆ ಒಂದು ಬ್ಲಾಕು ಸುಮಾರು 13 ಟನ್ ಹೊತ್ತ ಹಾಗಾಯಿತು. ಇಂಥ ಬ್ಲಾಕಿನ ಭಾರ ಹೊರುವ ಗೋಡೆಗಳ ಮೇಲೆ ಬೆಂಗಳೂರಿನಲ್ಲಿ ಎರಡು ಅಂತಸ್ತಿನ ಮನೆಗಳು ನಿಂತಿವೆ. ಅಂಗಳದಲ್ಲಾದರೆ ಪ್ರತಿ ದಿನದ ರಾಶಿಯಿಂದ ಎರಡು ಬ್ಲಾಕು ತೆಗೆದು, ಹದವಾದ ಮೇಲೆ ಇಡೀ ರಾತ್ರಿ ನೀರಿನಲ್ಲಿಟ್ಟು ಮೊಳೆಯಿಂದ ಕೆರೆಯಿರಿ. ಅಂಚು ಕೆಸರಾಗಿ ಉದುರಿದರೆ ಆ ದಿನದ ರಾಶಿಯನ್ನು ಕಾಂಪೌಂಡಿಗೂ ಬಳಸಬೇಡಿ. ಅದಕ್ಕಾಗಿ ರಾಶಿಯ ಮೇಲೆ ತಾರೀಖು ಬರೆದಿರಬೇಕು.

ಸಂಶೋಧನೆ ಮಾಡುವ ಕಿರಿಯರಿಗೆ ಇಲ್ಲಿ ಒಂದು ಮಾತು. ಶೇ. 7 ಸಿಮೆಂಟ್, 1.8 ಸಾಂದ್ರತೆ ಎಂದು ಪ್ರಬಂಧದಲ್ಲಿ ಬರೆದರೆ ಕೆಲಸ ಅರ್ಧ ಮುಗಿಯಿತು. ಉಳಿದರ್ಧ, ಅದನ್ನು ಮೇಸ್ತ್ರಿ ಸಂಜೆ ತಾನೇ ನೋಡಿಕೊಳ್ಳಬಹುದಾದ ಅಳತೆಯಾಗಿ ಬದಲಿಸುವುದು: 8.7 ಕೆಜಿ, ಚೀಲಕ್ಕೆ 97, ಬಾಣಲೆಯಲ್ಲಿ 180 ಗ್ರಾಂ. ಅದೇ ‘ಅಸ್ತ್ರ’ದ ಮೂರು ಪಾತ್ರೆಯ ಒಲೆಯನ್ನು ನೋಡಿ. ಸೌದೆ ಉಳಿಸುವುದು, ಹೊಗೆಯನ್ನು ಚಿಮಣಿಗೆ ಸಾಗಿಸುವುದು ಎಲ್ಲವೂ ಬೆಂಕಿ ಹಾಯುವ ಕಿಂಡಿಗಳ ಅಳತೆಯ ಮೇಲೆ ನಿಂತಿತ್ತು. ಕಣ್ಣಂದಾಜಿನಲ್ಲಿ ಮಣ್ಣು ಮೆತ್ತಿ ಕಟ್ಟಿದರೆ ಆ ಅಳತೆ ಉಳಿಯದು. ಅಚ್ಚು ಇಟ್ಟು ಕಟ್ಟಿದಾಗ ಮಾತ್ರ ಪ್ರಯೋಗಾಲಯದ ಒಲೆಯೂ ಅಡುಗೆಮನೆಯ ಒಲೆಯೂ ಒಂದೇ ಆಗುತ್ತವೆ. ನಿಮ್ಮ ಸಂಶೋಧನೆಯ ಅಚ್ಚು ಯಾವುದು, ತಕ್ಕಡಿ ಯಾವುದು ಎಂದು ಮೊದಲ ವರ್ಷವೇ ಕೇಳಿಕೊಳ್ಳಿ. ಅನುದಾನದ ಕೊನೆಯ ತಿಂಗಳಲ್ಲಿ ಕೈಪಿಡಿ ಅಚ್ಚು ಹಾಕಿಸಿದರೆ ಅದು ಸಿಗುವುದಿಲ್ಲ.

ಬ್ಲಾಕು ಚೆನ್ನಾಗಿದ್ದೂ ಗೋಡೆ ಬಿರಿಯುವುದುಂಟು. ಅದಕ್ಕೆ ಹೆಚ್ಚಾಗಿ ಕಾರಣ ಗಾರೆ. ಗಟ್ಟಿ ಆಗಲಿ ಎಂದು 1:4 ಸಿಮೆಂಟ್ ಗಾರೆ ಹಾಕುತ್ತಾರೆ. ಅದು ಬ್ಲಾಕಿಗಿಂತ ಬಿರುಸು. ಗೋಡೆ ಚೂರು ಅಲುಗಿದರೂ ಬಿರುಕು ಸಂದಿನಲ್ಲಿ ನಿಲ್ಲದೆ ಬ್ಲಾಕನ್ನೇ ಸೀಳುತ್ತದೆ. ಒಂದು ಪಾಲು ಸಿಮೆಂಟ್, ಒಂದು ಪಾಲು ಜರಡಿ ಹಿಡಿದ ಮಣ್ಣು, ಆರು ಪಾಲು ಮರಳು ಸೇರಿಸಿದ ಗಾರೆ ಇದಕ್ಕೆ ಹೊಂದುತ್ತದೆ. ಕರಣೆಯಲ್ಲಿ ಚೆನ್ನಾಗಿ ಎಳೆಯುತ್ತದೆ, ಬ್ಲಾಕಿಗೆ ಅಂಟುತ್ತದೆ. ಜೋಡಿಸುವ ಮುನ್ನ ಬ್ಲಾಕನ್ನು ನೀರಿನಲ್ಲಿ ಅದ್ದಿ ತೆಗೆಯಿರಿ. ಒಣ ಬ್ಲಾಕು ಗಾರೆಯ ನೀರನ್ನೆಲ್ಲ ಹೀರಿ ಸಂದನ್ನು ಪುಡಿ ಮಾಡುತ್ತದೆ, ಗಂಟೆಗಟ್ಟಲೆ ನೆನೆದದ್ದು ಗಾರೆಯನ್ನು ಹಿಡಿಯದೆ ಜಾರುತ್ತದೆ. ತಳಪಾಯದ ಕಲ್ಲಿನ ಕಟ್ಟಡವನ್ನು ನೆಲದಿಂದ ಒಂದೂವರೆ ಅಡಿಯಾದರೂ ಮೇಲೆ ತನ್ನಿ, ಸೂರನ್ನು ಎರಡು ಅಡಿ ಹೊರಚಾಚಿ. ಸೂರಿನಿಂದ ಬಿದ್ದು ನೆಲದಿಂದ ಚಿಮ್ಮುವ ನೀರೇ ಕೆಳಗಿನ ಎರಡು ವರಸೆಯನ್ನು ತಿನ್ನುವುದು. ಅಲ್ಲಿಗೆ ಮಾತ್ರ ಸಿಮೆಂಟನ್ನು ಶೇ. 8ಕ್ಕೆ ಏರಿಸಿದ ಬ್ಲಾಕು ಬೇರೆಯಾಗಿ ಒತ್ತಿಸಿ, ರಾಶಿಗೆ ಬಣ್ಣದ ಗುರುತು ಹಾಕಿಡಿ.