ಚಿಕ್ಕಪ್ಪನ ಬ್ಯಾಕಪ್ ಸ್ಕ್ರಿಪ್ಟ್: & ಮತ್ತು > ಜೊತೆ ಮೂರು ಸಂಜೆ

ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಯ ಬಿಲ್ ಫೈಲುಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಲು ಚಿಕ್ಕದೊಂದು ಬ್ಯಾಚ್ ಫೈಲ್ (ವಿಂಡೋಸ್ ಒಂದೊಂದಾಗಿ ಓಡಿಸುವ ಕಮಾಂಡುಗಳ ಪಟ್ಟಿ) ಬರೆಯುತ್ತಿದ್ದೇನೆ. ಕಾಪಿ ಕೆಲಸ ಒಂದೇ ಸಾಲು, ವಿಂಡೋಸಿನ ರೋಬೋಕಾಪಿ ಕಮಾಂಡ್ ನೋಡಿಕೊಳ್ಳುತ್ತದೆ. ನನ್ನ ಮನಸ್ಸೆಲ್ಲ ಇರುವುದು ಈ ಬ್ಯಾಚ್ ಫೈಲ್ ಕೇಳುವ ಪ್ರಶ್ನೆಗಳ ಮೇಲೆ. ರಾತ್ರಿ ಷಟರ್ ಎಳೆಯುವ ಹೊತ್ತಲ್ಲಿ ಸುಸ್ತಾದ ಮನುಷ್ಯ ಅವನ್ನು ಓದಿ, ಗೊಂದಲ ಇಲ್ಲದೆ ಉತ್ತರ ಕೊಡಬೇಕು.

ಶನಿವಾರ

ಕನ್ನಡ ಲಿಪಿಯಲ್ಲೇ ಕೇಳಬೇಕು ಅಂತ ಆಸೆ ಇತ್ತು. ಫೈಲನ್ನು ಕನ್ನಡ ಅಕ್ಷರಗಳನ್ನೂ ಹಿಡಿದಿಡುವ ಯುಟಿಎಫ್-8ನಲ್ಲಿ ಸೇವ್ ಮಾಡಿ, ಮೇಲೆ ಸಿಎಚ್‌ಸಿಪಿ 65001 (ಅಕ್ಷರಗಳನ್ನು ಯುಟಿಎಫ್-8 ಆಗಿ ಓದು ಎಂಬ ಕಮಾಂಡ್) ಹಾಕಿದೆ. ಅಂಗಡಿಯ ಹಳೇ ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಬರೀ ಚೌಕಗಳು ಬಂದವು. ಅಲ್ಲಿನ ಫಾಂಟಿನಲ್ಲಿ ಕನ್ನಡವೇ ಇಲ್ಲ. ಬೇಸರವಾಯಿತು. ಸದ್ಯಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಮಾತು ಬರೆದಿದ್ದೇನೆ.

ಮೊದಲ ಸಾಲು ಹೀಗಿತ್ತು (ಎಕೋ ಅಂದರೆ ಮುಂದಿನ ಮಾತನ್ನು ತೆರೆಗೆ ಬರೆಯುವ ಕಮಾಂಡ್): ಎಕೋ ಬಿಲ್ & ಸ್ಟಾಕ್ ಕಾಪಿಗೆ > ಎಂಟರ್ ಒತ್ತಿ. ಓಡಿಸಿದರೆ ತೆರೆಯ ಮೇಲೆ 'ಬಿಲ್' ಅಂತಷ್ಟೇ ಬಂತು. ಕೆಳಗೆ, ಸ್ಟಾಕ್ ಎಂಬ ಕಮಾಂಡ್ ಗೊತ್ತಿಲ್ಲ ಎಂಬ ದೂರು. ಫೋಲ್ಡರ್ ತೆರೆದು ನೋಡಿದೆ. 'ಎಂಟರ್' ಎಂಬ ಹೆಸರಿನ ಹೊಸ ಫೈಲ್ ಕೂತಿತ್ತು, 0 ಬೈಟ್! & ಕಂಡರೆ ಅಲ್ಲಿಗೆ ಒಂದು ಕಮಾಂಡ್ ಮುಗಿಯಿತು, ಮುಂದಿನದು ಶುರು. > ಕಂಡರೆ ತೆರೆಗೆ ಬರಬೇಕಾದ್ದನ್ನು ಫೈಲಿಗೆ ಸುರಿ. ಸಿಎಂಡಿ, ಅಂದರೆ ಈ ಕಮಾಂಡುಗಳನ್ನು ಓಡಿಸುವ ಕಪ್ಪು ಕಿಟಕಿಯ ಪ್ರೋಗ್ರಾಂ, ಅರ್ಥ ಮಾಡಿಕೊಂಡಿದ್ದು ಅಷ್ಟೇ. ಪ್ರತಿ ಚಿಹ್ನೆಗೂ ಮುಂಚೆ ಒಂದು ^ ಹಾಕಿ ^& ಮತ್ತು ^> ಮಾಡಿದ ಮೇಲೆ ಸಾಲು ಪೂರ್ತಿ ಕಂಡಿತು.

ಭಾನುವಾರ

ಉತ್ತರ ಪಡೆಯಲು ಸೆಟ್ /ಪಿ ಕಮಾಂಡ್ ಬಳಸಿದೆ, ಅದು ಪ್ರಶ್ನೆ ತೋರಿಸಿ ಟೈಪ್ ಮಾಡಿದ್ದನ್ನು ಒಂದು ಹೆಸರಿನಡಿ ಇಟ್ಟುಕೊಳ್ಳುತ್ತದೆ. ಇಲ್ಲಿ ಪೂರ್ತಿ ಮಾತನ್ನು ಡಬಲ್ ಕೋಟ್ ಒಳಗೆ ಇಟ್ಟರೆ & ಮತ್ತು > ತೆಪ್ಪಗೆ ಇರುತ್ತವೆ, ^ ಬೇಡ. ಹಾಕಿದರೆ ಅದೂ ತೆರೆಯ ಮೇಲೆ ಬರುತ್ತದೆ. % ಮಾತ್ರ ಕೋಟ್ ಇದ್ದರೂ ಬಿಡುವುದಿಲ್ಲ. 'ಜಿಎಸ್‌ಟಿ 18%' ಅಂತ ತೋರಿಸಲು %% ಬರೆಯಬೇಕು.

ಪ್ರಶ್ನೆಯನ್ನು ನಾಲ್ಕು ಸ್ಪೇಸ್ ಒಳಗೆ ತಳ್ಳೋಣ, ಕಣ್ಣಿಗೆ ಹಿತ ಅಲ್ವಾ? ಆಗಲಿಲ್ಲ. ವಿಂಡೋಸ್ ವಿಸ್ಟಾದಿಂದೀಚೆಗೆ ಸೆಟ್ /ಪಿ ಪ್ರಶ್ನೆಯ ಶುರುವಿನ ಖಾಲಿ ಜಾಗವನ್ನು ತಿಂದುಹಾಕುತ್ತದೆ. ಇದಕ್ಕೊಂದು ಚೆಂದದ ಉಪಾಯ ಇದೆ. ಮೊದಲು ಒಂದು ಚುಕ್ಕಿ, ಆಮೇಲೆ ಬ್ಯಾಕ್‌ಸ್ಪೇಸ್ ಅಕ್ಷರ, ಆಮೇಲೆ ಸ್ಪೇಸ್‌ಗಳು. ಸಾಲು ಚುಕ್ಕಿಯಿಂದ ಶುರುವಾಗುವುದರಿಂದ ಸ್ಪೇಸ್ ಉಳಿಯುತ್ತದೆ. ಬ್ಯಾಕ್‌ಸ್ಪೇಸ್ ಹಿಂದಕ್ಕೆ ಬರುತ್ತದೆ, ಸ್ಪೇಸ್ ಚುಕ್ಕಿಯನ್ನು ಅಳಿಸುತ್ತದೆ. ಆ ಬ್ಯಾಕ್‌ಸ್ಪೇಸ್ ಅಕ್ಷರ ಸಿಗುವುದು ಕಪ್ಪು ಕಿಟಕಿಯ ಸಾಲಿನ ಶುರುವನ್ನು ಬದಲಿಸುವ ಪ್ರಾಂಪ್ಟ್ ಕಮಾಂಡಿನ $ಎಚ್ ಸಂಕೇತದಿಂದ. ಅದೇ ಕುಟುಂಬದಲ್ಲಿ $ಜಿ ಅಂದರೆ >, $ಎ ಅಂದರೆ &. ಇದು ಕೆಲಸ ಮಾಡಿದಾಗ ನಿಜಕ್ಕೂ ಖುಷಿಯಾಯಿತು.

ಬುಧವಾರ

ಚಿಕ್ಕಪ್ಪನ ಕೈಗೆ ಕೊಟ್ಟೆ. ಫೋಲ್ಡರ್ ಹೆಸರು ಕೇಳಿದ್ದಕ್ಕೆ 'ಪೇಂಟ್&ಪೈಪ್' ಅಂತ ಟೈಪ್ ಮಾಡಿದರು. ಕೂಡಲೇ ದೂರು ಬಂತು.

"ಏನೋ ಇದು, ಪೈಪ್ ಗೊತ್ತಿಲ್ಲ ಅಂತಿದೆ?"

ನನ್ನ ಪ್ರಶ್ನೆಗಳನ್ನು ಭದ್ರ ಮಾಡಿದ್ದೆ, ಅವರ ಉತ್ತರವನ್ನು ಮಾಡಿರಲಿಲ್ಲ. ಡಿಲೇಡ್ ಎಕ್ಸ್‌ಪ್ಯಾನ್ಷನ್ (ಸಾಲನ್ನು ಓದಿ ಮುಗಿಸಿದ ಮೇಲಷ್ಟೇ ಉತ್ತರವನ್ನು ತುಂಬುವ ವ್ಯವಸ್ಥೆ) ಆನ್ ಮಾಡಿ, ಉತ್ತರ ತುಂಬುವ %ಹೆಸರು% ಇದ್ದಲ್ಲೆಲ್ಲ !ಹೆಸರು! ಮಾಡಿದೆ. ಈಗ ಒಳಗಿನ & ಅನ್ನು ಸಿಎಂಡಿ ಮತ್ತೆ ಕೆದಕುವುದಿಲ್ಲ.

ಇನ್ನೊಂದು. ಸುಮ್ನೆ ಎಂಟರ್ ಒತ್ತಿದರೆ ಹಿಂದಿನ ಉತ್ತರವೇ ಉಳಿದುಬಿಡುತ್ತದೆ. ಹಾಗಾಗಿ ಪ್ರತಿ ಪ್ರಶ್ನೆಗೂ ಮುಂಚೆ ಉತ್ತರ ಇಡುವ ವೇರಿಯಬಲ್ ಖಾಲಿ ಮಾಡುತ್ತೇನೆ. ಹೌದು-ಇಲ್ಲ ಪ್ರಶ್ನೆಗೆ ಚಾಯ್ಸ್ ಕಮಾಂಡ್ ಹಾಕಿದೆ. ಹೌದಿಗೆ ಎಚ್, ಇಲ್ಲಕ್ಕೆ ಐ. ಒಂದೇ ಕೀ, ಎಂಟರ್ ಕೂಡ ಬೇಡ. ಚಿಕ್ಕಪ್ಪನಿಗೆ ಇದೇ ಜಾಸ್ತಿ ಇಷ್ಟವಾಯಿತು.

ಉಳಿದಿರುವುದು ಪೆನ್‌ಡ್ರೈವ್ ಹಾಕಿಲ್ಲದಿದ್ದರೆ ಎಚ್ಚರಿಸುವ ಸಾಲು. ಅದರ ಕೊನೆಗೆ ! ಬೇಕೇ ಬೇಕು. ಡಿಲೇಡ್ ಎಕ್ಸ್‌ಪ್ಯಾನ್ಷನ್ ಆನ್ ಇರುವುದರಿಂದ ಈಗ ಅದು ಮಾಯವಾಗುತ್ತಿದೆ. ಎಕೋ ಸಾಲಿನಲ್ಲಿ ^^! ಬರೆದರೆ ಉಳಿಯುತ್ತದೆ. ನಾಳೆ ಸಂಜೆ ಅಂಗಡಿಗೆ ಹೋಗಿ ಹಾಕಿಬರುತ್ತೇನೆ.